ಬಿರ್ಗಿಟ್‌ಳ ಎಡಗಡೆ ನಿಂತವಳು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ನಾನು ಶುರುಮಾಡಿದರೆ ಹಿಂದಿನ ಬೆಂಚಿನವರು ಆಗಲೇ ಕಣ್ಣು ಮುಚ್ಚುತ್ತೀರಿ. ಆ ಶ್ರೀಮಂತನ ಗತಿ ಕಡೆಗೆ ಏನಾಗುತ್ತದೆ ಎಂದು ನಿಮಗೆ ಬಾಯಿಪಾಠ. ಅದಕ್ಕೇ ಪ್ರಿಯರೇ, ಈ ಕೃತಜ್ಞತೆಯ ಆರಾಧನೆಗೆ ಅವನನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ. ಇವತ್ತು ಒಬ್ಬ ಹಾಡುಗಾರ್ತಿ. ದೇಶ ಸ್ವೀಡನ್. ಊರು ಎಂದರೆ ಮರ ಕೊಯ್ಯುವ ಒಂದು ಮಿಲ್ಲು, ಒಂದು ಚರ್ಚು, ವರ್ಷದಲ್ಲಿ ಅರ್ಧ ಕಾಲ ಹಿಮ. ಅವಳ ಹೆಸರು ಬಿರ್ಗಿಟ್ ಎಂದಿಟ್ಟುಕೊಳ್ಳಿ. ಅವರ ಭಾಷೆ ನಿಮಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಹಾಗಾಗಿ ಅವರು ನಮ್ಮೂರಿನ ಮಾತನ್ನೇ ಆಡಲಿ, ಯಾರಿಗೂ ನಷ್ಟವಿಲ್ಲ.

ಬಿರ್ಗಿಟ್ ಹಾಡಲು ಕಲಿತದ್ದು ಚರ್ಚಿನ ಕ್ವಾಯರಿನಲ್ಲಿ. ಆ ಕ್ವಾಯರಿನಲ್ಲಿ ಒಂದು ಪದ್ಧತಿ ಉಂಟು. ಚಿಕ್ಕಂದಿನಲ್ಲಿ ನಿಮ್ಮನ್ನು ಎಲ್ಲಿ ನಿಲ್ಲಿಸಿದರೋ ಅದೇ ನಿಮ್ಮ ಜಾಗ, ಸಾಯುವ ತನಕ. ಬಿರ್ಗಿಟ್‌ಳ ಎಡಗಡೆ ನಿಂತವಳು ಅದೇ ಬೀದಿಯ ಸೀವ್. ಬಿರ್ಗಿಟ್ ಮೇಲಿನ ಸ್ವರ ಹಾಡಿದರೆ ಸೀವ್ ಕೆಳಗಿನದು, ನಮ್ಮ ಆಲ್ಟೋ ಸಾಲಿನವರು ಹಾಡುತ್ತಾರಲ್ಲ, ಅದು. (ಆಲ್ಟೋದವರೇ, ಇವತ್ತಾದರೂ ತಲೆ ಎತ್ತಿ ಕೂತುಕೊಳ್ಳಿ.)

ರಾಜಧಾನಿಯಿಂದ ರೆಕಾರ್ಡ್ ಮಾಡುವವನೊಬ್ಬ ಬಂದ, ಬಿರ್ಗಿಟ್‌ಳ ಹಾಡು ಕೇಳಿದ, ಕರೆದುಕೊಂಡು ಹೋದ. ಸ್ಟುಡಿಯೋದಲ್ಲಿ ಒಬ್ಬಳೇ ನಿಂತಾಗ ಅವಳ ಬಾಯಿಂದ ಸ್ವರವೇ ಹೊರಡಲಿಲ್ಲ. "ಸೀವ್ ಪಕ್ಕದಲ್ಲಿ ಇಲ್ಲದಿದ್ರೆ ನಂಗೆ ಹಾಡ್ಲಿಕ್ಕೆ ಆಗುದಿಲ್ಲ" ಎಂದಳು. ಸೀವ್‌ಳನ್ನು ಕರೆಸಿದರು. ಇಬ್ಬರಿಗೂ ಒಂದೇ ಮೈಕು. ಸೀವ್ ಅರ್ಧ ಹೆಜ್ಜೆ ಹಿಂದೆ ನಿಂತು, ಮೆಲ್ಲಗೆ, ಬಿರ್ಗಿಟ್‌ಳ ಉಸಿರು ಎಲ್ಲಿ ಸಾಲದೋ ಅಲ್ಲಿ ತನ್ನ ಸ್ವರ ಕೊಟ್ಟು ಹಾಡಿದಳು. ರೆಕಾರ್ಡಿನ ಹೊದಿಕೆಯ ಮೇಲೆ ಬಂದದ್ದು ಒಂದೇ ಮುಖ, ಒಂದೇ ಹೆಸರು. ಯಾರದ್ದು ಎಂದು ನಾನು ಹೇಳಬೇಕೇ?

ದೇಶವೇ ಆ ಹಾಡನ್ನು ಗುನುಗಿತು. ಅಲ್ಲಿ ಬೇಸಿಗೆ ಬಂತೆಂದರೆ ಊರೂರಿನ ಪಾರ್ಕಿನಲ್ಲಿ ಸ್ಟೇಜು ಕಟ್ಟಿ ಹಾಡಿಸುತ್ತಾರೆ, ಜನ ಕುಣಿಯುತ್ತಾರೆ. ಊರೂರಿಗೆ ಬಿರ್ಗಿಟ್ ಹೋದಳು, ಸೀವ್ ಹೋದಳು. ಬೆಳಕು ಬಿರ್ಗಿಟ್ ಮೇಲೆ, ಸೀವ್ ಅದರ ಅಂಚಿನಲ್ಲಿ. ಒಂದು ದಿನ ಟೀವಿಯವರು ಕೇಳಿದರು, "ಇಷ್ಟು ತುಂಬಿದ ದನಿ ನಿಮಗೆ ಎಲ್ಲಿಂದ ಬಂತು?" ಬಿರ್ಗಿಟ್ ಕೂದಲು ಹಿಂದಕ್ಕೆ ಸರಿಸಿ ನಕ್ಕಳು. "ಹುಟ್ಟುವಾಗಲೇ ಬಂದದ್ದು. ಯಾರೂ ಕೊಟ್ಟದ್ದಲ್ಲ."

ಯಾರೂ ಕೊಟ್ಟದ್ದಲ್ಲ! ಸೀವ್ ಅಲ್ಲೇ ಕ್ಯಾಮರಾದ ಹಿಂದೆ ಇಬ್ಬರ ಕೋಟು ಹಿಡಿದುಕೊಂಡು ನಿಂತಿದ್ದಳು.

ಜಗಳವಾಯಿತೇ? ಇಲ್ಲ. ಸೀವ್ ಜಗಳವಾಡುವ ಜಾತಿಯವಳಲ್ಲ. ಬೇಸಿಗೆ ಮುಗಿದಾಗ, "ನಾನಿನ್ನು ಊರಲ್ಲೇ ಇರ್ತೇನೆ ಮಾರಾಯ್ತಿ. ಹಲ್ಲಿನ ಡಾಕ್ಟ್ರ ಕ್ಲಿನಿಕ್ಕಲ್ಲಿ ಕೆಲಸ ಸಿಕ್ಕಿದೆ" ಎಂದಳು. ಕನ್ನಡಿಯ ಮುಂದೆ ತುಟಿಗೆ ಬಣ್ಣ ಹಚ್ಚುತ್ತಿದ್ದ ಬಿರ್ಗಿಟ್, "ಹೌದಾ? ಒಳ್ಳೇದಾಯ್ತು" ಎಂದಳು. ತಿರುಗಿ ನೋಡಲಿಲ್ಲ.

ಅಲ್ಲಿಂದ ನೋಡಿ, ಹಾಡು ಸಪ್ಪೆಯಾಯಿತು. ಸೀವ್‌ಳ ಜಾಗಕ್ಕೆ ಚೆನ್ನಾಗಿ ಕಲಿತವರೇ ಬಂದರು, ಸ್ವರ ತಪ್ಪದೆ ಹಾಡಿದರು, ಆದರೂ ಏನೋ ಇಲ್ಲ. ಬಿರ್ಗಿಟ್ ಮೈಕು ಬದಲಿಸಿದಳು, ಹಾಡು ಬರೆಯುವವನನ್ನು ಬದಲಿಸಿದಳು, ಗಂಟಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಳು. "ನಿಮ್ಮ ಗಂಟಲಿಗೆ ಏನೂ ಆಗ್ಲಿಲ್ಲಮ್ಮ" ಎಂದರು ಡಾಕ್ಟರು. ಏನೂ ಆಗದ ಗಂಟಲು ಇಟ್ಟುಕೊಂಡು ಅವಳು ಕೆಳಗೆ ಕೆಳಗೆ ಇಳಿದಳು. ಕೊನೆಗೆ ಫಿನ್ಲೆಂಡಿಗೆ ಹೋಗುವ ಹಡಗಿನಲ್ಲಿ, ಸಿಗಡಿ ತಿನ್ನುತ್ತಾ ಮಾತಾಡುವವರ ನಡುವೆ ಹಾಡುವ ಕೆಲಸ. ತನ್ನ ದನಿಯೇ ತನ್ನನ್ನು ಬಿಟ್ಟು ಹೋಯಿತು, ಇನ್ನು ಹಾಡುವುದೇ ಬೇಡ ಎಂಬ ತೀರ್ಮಾನಕ್ಕೆ ಬಂದಳು. ಹಾಡನ್ನು ಬಿಟ್ಟರೆ ಬೇರೇನೂ ಗೊತ್ತಿಲ್ಲದವಳು ಹಾಗೆ ತೀರ್ಮಾನಿಸುವುದೆಂದರೆ ಸಣ್ಣ ಸಂಕಟವಲ್ಲ.

ಆಗ ಊರಿನ ಚರ್ಚಿನಿಂದ ಕರೆ ಬಂತು. ಕ್ವಾಯರಿನ ವಾರ್ಷಿಕೋತ್ಸವ, ಹಳಬರೆಲ್ಲ ಬರಬೇಕು. ಇದೊಂದು ಹಾಡಿ ಮುಗಿಸಿಬಿಡೋಣ ಎಂದು ಹೋದಳು. ಕೂದಲು ನರೆತಿತ್ತು, ಜಾಗ ಮಾತ್ರ ಹಾಗೇ ಖಾಲಿ ಇತ್ತು. ಪ್ರಾಕ್ಟೀಸು ಶುರುವಾಯಿತು. ಮೊದಲ ಚರಣದಲ್ಲಿ ಅವಳ ದನಿ ತೆಳ್ಳಗೆ, ಹಡಗಿನಲ್ಲಿದ್ದಂತೆಯೇ. ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಕ್ಲಿನಿಕ್ಕಿನಿಂದ ತಡವಾಗಿ ಬಂದವಳೊಬ್ಬಳು ಒದ್ದೆ ಬೂಟು ಕಳಚಿಟ್ಟು, ಬರಿಗಾಲಲ್ಲಿ ಬಂದು ಬಿರ್ಗಿಟ್‌ಳ ಎಡಗಡೆ ನಿಂತು ಎರಡನೆಯ ಚರಣಕ್ಕೆ ಸ್ವರ ಕೂಡಿಸಿದಳು.

ಬಿರ್ಗಿಟ್ ಹಾಡು ನಿಲ್ಲಿಸಿಬಿಟ್ಟಳು. ಕ್ವಾಯರಿನ ಮಾಸ್ತರರು ಗಾಬರಿಯಾಗಿ, "ಎಂತ ಆಯ್ತು?" ಎಂದು ಕೇಳಿದರು.

"ನನ್ನ ದನಿ ಬಂತು" ಎಂದಳು. ಹೇಳಿದ ಮೇಲೆ ಎಡಕ್ಕೆ ನೋಡಿದಳು. ನೋಡಿದ ಮೇಲೆ ಅವಳಿಗೆ ಅರ್ಥವಾಯಿತು.

ಹಾಡುವವರಿಗೆ ಇದೊಂದು ಶಾಪ, ಪ್ರಿಯರೇ. ತಮ್ಮ ದನಿ ತಮಗೆ ತಲೆಯ ಒಳಗಿನಿಂದ ಕೇಳುತ್ತದೆ, ಪಕ್ಕದವಳದ್ದು ಅದರೊಳಗೆ ಸೇರಿಕೊಂಡರೆ ಎಲ್ಲವೂ ತಮ್ಮದೇ ಎನಿಸುತ್ತದೆ. ದೇಶವೇ ಮೆಚ್ಚಿದ್ದು ಇಬ್ಬರ ದನಿಯನ್ನು. ಹೊಗಳಿಕೆ ತಿಂದದ್ದು ಒಬ್ಬಳು.

ಸ್ವೀಡನ್ನಿನವರಲ್ಲಿ ಒಂದು ಚೆಂದದ ರೂಢಿ ಇದೆ. ಒಬ್ಬರ ಮನೆಯಲ್ಲಿ ಉಂಡು ಬಂದರೆ, ಮುಂದಿನ ಬಾರಿ ಸಿಕ್ಕಾಗ ಮೊದಲ ಮಾತೇ "ಹೋದ ಸಲಕ್ಕೆ ಥ್ಯಾಂಕ್ಸ್". ಮರೆತರೆ ಮಹಾ ಮರ್ಯಾದೆಗೇಡು. ಬಿರ್ಗಿಟ್ ಸೀವ್‌ಳ ಎರಡೂ ಕೈ ಹಿಡಿದುಕೊಂಡಳು. "ಹೋದ ಸಲಕ್ಕೆ ಥ್ಯಾಂಕ್ಸ್, ಸೀವ್."

ಯಾವ ಹೋದ ಸಲ? ಇಡೀ ಯೌವನವೇ ಆ ಹೋದ ಸಲದೊಳಗೆ ಇತ್ತು!

ಸೀವ್ ಕಣ್ಣೊರೆಸಿಕೊಂಡು ನಕ್ಕಳು. "ಎಷ್ಟು ತಡ ಮಾಡಿದಿ ಮಾರಾಯ್ತಿ! ನಾನು ಕಾದು ಕಾದು ಮುದುಕಿ ಆದೆ. ಹಾಡು ಈಗ, ಎಲ್ಲ ನಮ್ಮನ್ನೇ ನೋಡ್ತಾ ಇದ್ದಾರೆ."

ಬಿರ್ಗಿಟ್‌ಗೆ ಹಳೆಯ ಹೆಸರು ಮತ್ತೆ ಬಂತೇ? ಬರಲಿಲ್ಲ. ಸುಳ್ಳು ಹೇಳಿ ನಿಮ್ಮನ್ನು ಖುಷಿಪಡಿಸಲಾರೆ. ಆದರೆ ಅವಳು ಹಾಡು ಬಿಡಲಿಲ್ಲ. ಹಡಗಿನಲ್ಲಿ ಆ ತೆಳ್ಳಗಿನ ದನಿಯಲ್ಲೇ, ಮೊದಲ ಹಾಡಿಗೆ ಮುಂಚೆ, "ಈ ಹಾಡು ಸೀವ್‌ದೂ ಹೌದು" ಎಂದು ಹೇಳಿ ಶುರುಮಾಡುತ್ತಿದ್ದಳು. ಸಿಗಡಿ ತಿನ್ನುವವರು ಯಾರೀ ಸೀವ್ ಎಂದು ತಲೆ ಎತ್ತುತ್ತಿದ್ದರು. ದನಿ ಹೋಯಿತೆಂದು ಅತ್ತವಳು, ಅದನ್ನು ಅಷ್ಟು ಕಾಲ ಕೊಟ್ಟವಳಿದ್ದಳಲ್ಲ ಎಂದು ಸಂತೋಷಪಟ್ಟಳು.

ಈಗ ನಿಮ್ಮ ಸರದಿ. ನೀವು ಸಭೆಯ ಸಮಿತಿಯಲ್ಲಿ ಎದೆಯುಬ್ಬಿಸಿ ಕೂರುತ್ತೀರಲ್ಲ, ಆ ಹೊತ್ತಿಗೆ ನಿಮ್ಮ ಅಂಗಡಿಯಲ್ಲಿ ಕೂತಿರುವವನು ಯಾರು? ನಿಮ್ಮ ಕೈರುಚಿಯನ್ನು ನೆಂಟರೆಲ್ಲ ಹೊಗಳುವಾಗ ಬೆಳಗ್ಗೆ ಎದ್ದು ತೆಂಗಿನಕಾಯಿ ತುರಿದುಕೊಟ್ಟ ನಾದಿನಿಯ ಹೆಸರು ನಿಮ್ಮ ಬಾಯಿಗೆ ಬರುತ್ತದೆಯೇ? ಬರುವುದಿಲ್ಲ. ನಾನೇ ಮಾಡಿದ್ದು ಎನ್ನುತ್ತೀರಿ. ಸುಳ್ಳು ಹೇಳುತ್ತಿದ್ದೀರೆಂದು ನಿಮಗೇ ಗೊತ್ತಾಗುವುದಿಲ್ಲ, ಅದೇ ನನಗೆ ಹೆದರಿಕೆ.

ದೇವರಿಗೆ ವಂದನೆ ಹೇಳುವುದು ಸುಲಭ, ನೋಡಿ. ಕಣ್ಣು ಮುಚ್ಚಿಕೊಂಡು ಹೇಳಬಹುದು. ಮನುಷ್ಯರಿಗೆ ಕಣ್ಣು ತೆರೆದೇ ಹೇಳಬೇಕು, ಅದಕ್ಕೇ ನಾಚಿಕೆ. ಆದರೂ ಹೇಳಬೇಕು. ಇವತ್ತೇ, ಮಧ್ಯಾಹ್ನದ ಊಟಕ್ಕೆ ಕೂರುವ ಮುಂಚೆ, ಹೆಸರು ಹಿಡಿದು, ಯಾವುದಕ್ಕೆಂದು ಬಿಡಿಸಿ ಹೇಳಬೇಕು. ದೂರದಲ್ಲಿದ್ದರೆ ಫೋನು ಮಾಡಿ. ಮಾತು ಬಿಟ್ಟಿದ್ದರೂ ಮಾಡಿ, ಅವರಿಗೇ ಮೊದಲು ಮಾಡಿ. ನಾಳೆಯಿಂದ ಯಾರಾದರೂ ನಿಮ್ಮನ್ನು ಹೊಗಳಿದರೆ, ಆ ಹೊಗಳಿಕೆ ನುಂಗುವ ಮುಂಚೆ ಇನ್ನೊಬ್ಬರ ಹೆಸರು ಹೇಳಿ.

ಈಗ ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಆದರೆ ಇವತ್ತು ಆಮೆನ್ ನಾನು ಹೇಳುವುದಿಲ್ಲ. ನೀವು ಮನೆಗೆ ಹೋಗಿ, ಆ ಮಾತನ್ನು ಆಡಿ, ಆಮೇಲೆ ನೀವೇ ಹೇಳಿಕೊಳ್ಳಿ.