ಮೊದಲು ಬೆವರಿನ ಸುದ್ದಿ

ಬೇರೆಯವರ ಮಾತನ್ನು ಕದ್ದು ಕೇಳುವುದು ಸಭ್ಯತೆಯಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಮನ್ನಿಸಿ. ಆಸ್ಪತ್ರೆಯ ಇಂಜೆಕ್ಷನ್ ಕೋಣೆಯ ಹೊರಗೆ, ನನ್ನ ಪಕ್ಕದಲ್ಲಿ ವಯಸ್ಸಾದ ದರ್ಜಿಯೊಬ್ಬರು ಮಗಳ ಜೊತೆ ಕೂತಿದ್ದರು. ಅಳತೆ ಟೇಪು ಇನ್ನೂ ಅವರ ಕೊರಳಲ್ಲೇ ಇತ್ತು.

“ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೂ ಹೋಗಿದೆ ಅಂತ ಅಮ್ಮನಿಗೆ ಇವತ್ತೇ ಹೇಳ್ಬೇಕಪ್ಪ.”

“ಅದನ್ನ ಹೇಳ್ತೀನಿ ಬಿಡು. ಈ ಇಂಜೆಕ್ಷನ್‌ಗೆ ಮೈ ಬಿಸಿಯೇರಿ ಬೆವರುತ್ತೆ ಅಂದ್ರಲ್ಲ ಡಾಕ್ಟ್ರು, ಅದನ್ನ ಮಾತ್ರ ಬಾಯಿಬಿಡಬೇಡ.”

“ಯಾಕೆ?”

“ಮುಟ್ಟು ನಿಲ್ಲೋ ಕಾಲದಲ್ಲಿ ನಿಮ್ಮಮ್ಮನಿಗೂ ಹೀಗೇ ಆಗ್ತಿತ್ತು. ಅವಳು ಫ್ಯಾನ್ ಹಾಕಿದಾಗೆಲ್ಲ ನಾನು ಆರಿಸ್ತಿದ್ದೆ. ಸಾಕು ನಿನ್ನ ನಾಟಕ ಅಂತಿದ್ದೆ.”

“ಅಷ್ಟೇನಾ? ನೀನು ಕಂಬಳಿ ಹೊದ್ಕೊಂಡು ಗಡಗಡ ನಡುಗಿ ತೋರಿಸ್ತಿದ್ದೆ.”

“ಹೂಂ. ಕ್ಯಾನ್ಸರ್ ಆದ್ರೂ ಸ್ವಲ್ಪ ಕರುಣೆ ತೋರಿಸೀತು, ನಿಮ್ಮಮ್ಮ ಬಿಡಲ್ಲ.”

“ಆ ಕಂಬಳೀನ ಅಮ್ಮ ಇನ್ನೂ ಜೋಪಾನವಾಗಿ ಇಟ್ಟಿದ್ದಾಳೆ.”

ಅವರು ಜೋರಾಗಿ ನಕ್ಕರು. ಆಮೇಲೆ ಟೇಪನ್ನು ಬೆರಳಿಗೆ ಸುತ್ತತೊಡಗಿದರು.

“ಹೇಳ್ತೀನಿ ಅಂದೆ, ಬಾಯೇ ಬರಲ್ಲ ಕಣೇ. ಮೂಳೆ ಅಂದ ತಕ್ಷಣ ಅವಳ ಮುಖ ಹೇಗಾಗುತ್ತೋ.”

“ಹಾಗಾದ್ರೆ ಮೊದ್ಲು ಬೆವರಿನ ಸುದ್ದಿ ಹೇಳು. ಹೊಟ್ಟೆ ತುಂಬ ನಗ್ಲಿ. ಆಮೇಲೆ ಕೈ ಹಿಡ್ಕೊಂಡು ಉಳಿದದ್ದು ಹೇಳು. ನಾನೂ ಅಲ್ಲೇ ಇರ್ತೀನಿ.”

“ಅವಳು ಫ್ಯಾನ್ ಆರಿಸಿದ್ರೆ?”

“ನಾನು ಹಾಕ್ತೀನಿ. ಮತ್ತೆ ಆರಿಸಿದ್ರೆ ಮತ್ತೆ ಹಾಕ್ತೀನಿ.”

ನರ್ಸ್ ಕರೆದರು. ಅವರು ಟೇಪನ್ನು ತೆಗೆದು ಮಗಳ ಕೊರಳಿಗೆ ಹಾಕಿ, ಅವಳ ತೋಳು ಹಿಡಿದು ಒಳಗೆ ಹೋದರು.

ಮನೆಯಲ್ಲಿ ಯಾವುದನ್ನು ಮೊದಲು ಹೇಳಿದರೋ, ಅವರ ಹೆಂಡತಿ ನಕ್ಕರೋ ಇಲ್ಲವೋ, ನನಗೆ ಗೊತ್ತಿಲ್ಲ.