ಭಾರತಮಾತೆಯ ಪಾದ

ಪ್ರೇಮಲತಾ ಕದ್ದು ಕೇಳಿದ್ದಲ್ಲ. ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಅವಳು ಕೂತಿದ್ದ ಬೆಂಚಿಗೇ ಇಬ್ಬರು ಮೇಷ್ಟ್ರುಗಳು ಬಂದು ಕೂತರು. ಹಿರಿಯರ ತೊಡೆಯ ಮೇಲೆ ಹೊಸ ಶೀಲ್ಡು.

"ದೇಶಭಕ್ತಿ ರೂಪಕದಾಗೆ ತಾಲ್ಲೂಕಿಗೇ ಫಸ್ಟ್ ಬಂದೀರಿ. ಮುಖ ಯಾಕೆ ಹಿಂಗೈತೆ ಸಾರ್?" ಅಂದರು ಕಿರಿಯರು.

"ಭಾರತಮಾತೆ ಪಾರ್ಟು ದುರ್ಗಾಂಬಿಕಾ ಮಾಡ್ಬೇಕಿತ್ತು ಕಣ್ರೀ."

"ಪರದೆ ಹಿಂದೆ ಹಾಡಿದ್ಲಲ್ಲ, ಆ ಕೇರಿ ಹುಡುಗೀನಾ?"

"ಹೂಂ. ಕೊನೇಗೆ ಎಲ್ಲಾ ಮಕ್ಕಳೂ ಮಾತೆ ಪಾದಕ್ಕೆ ಬೀಳೋ ಸೀನ್ ಐತಲ್ಲ? ನಮ್ಮ ಮಕ್ಕಳು ಅವಳ ಕಾಲಿಗೆ ಬೀಳ್ಬೇಕಾ ಅಂತ ಊರಿನೋರು ಶಾಲೆ ಬಾಗಿಲಿಗೇ ಬಂದ್ರು."

"ಆ ಸೀನೇ ತೆಗೀಬೇಕಿತ್ತು."

"ಪ್ರೈಜು ಬರೋದೇ ಆ ಸೀನಿಗೆ. ಹುಡುಗೀನ ತೆಗೆಯೋದು ಸಲೀಸಾತು."

"ರೂಪಕದ ಹೆಸರೇನು ಸಾರ್?"

"ನಾವೆಲ್ಲ ಒಂದೇ."

ಕಿರಿಯರು ನಗಲಿಲ್ಲ. "ಅವಳು ಅತ್ಲಾ?"

ಹಿರಿಯರು ಉತ್ತರ ಕೊಡುವಷ್ಟರಲ್ಲಿ ಸಾಸ್ವೆಹಳ್ಳಿ ಬಸ್ಸು ಬಂತು. ಶೀಲ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗಿ ಹೇಳಿದರು:

"ಅಳಲಿಲ್ಲ ಕಣ್ರೀ. 'ಪಾದ ಕಾಣ್ದಂಗೆ ಉಟ್ಕೊಂತೀನಿ ಸಾರ್, ಅವರು ಬರೇ ಸೀರೆಗೆ ನಮಸ್ಕಾರ ಮಾಡ್ಲಿ' ಅಂದ್ಲು."