ಸಮುದ್ರದವರೆಗೆ ಡ್ರಾಪ್

ಸ್ಯಾನ್ ಡಿಯೇಗೋದ ಟೈರ್ ಅಂಗಡಿಯಲ್ಲಿ ಶ್ರೀವಿದ್ಯಾ ಕಾರಿಗಾಗಿ ಕಾಯುತ್ತಿದ್ದಳು. ಅವಳ ಆಚೆಗೊಬ್ಬ, ಈಚೆಗೊಬ್ಬ ಮುದುಕರು: ಒಬ್ಬ ಸೊಮಾಲಿಯಾದ ವಾರ್ಸಮೆ, ಇನ್ನೊಬ್ಬ ಇಥಿಯೋಪಿಯಾದ ತೆಸ್ಫಾಯೆ. ಟರ್ಕಿಯ ಅಂಕಾರಾದಲ್ಲಿ ಆ ಎರಡು ದೇಶಗಳ ನಾಯಕರು ರಾಜಿಯಾದ ಸುದ್ದಿ ಟಿವಿಯಲ್ಲಿ ಬಂದದ್ದೇ ತಡ, ಇಬ್ಬರೂ ಅವಳ ತಲೆಯ ಮೇಲಿಂದಲೇ ಇಂಗ್ಲಿಷಿನಲ್ಲಿ ಶುರುಮಾಡಿದರು. ಅವಳು ಫೋನ್ ನೋಡುವವಳ ಹಾಗೆ ಕೂತು ಕಿವಿಗೊಟ್ಟಳು.

“ನಿಮ್ಮವರೂ ನಮ್ಮವರೂ ಕೈ ಕುಲುಕಿದರಂತೆ, ವಾರ್ಸಮೆ.”

“ನೋಡಿದೆ. ವರ್ಷವಿಡೀ ನೀನು ನನ್ನ ಜೊತೆ ಮಾತು ಬಿಟ್ಟಿದ್ದೆ.”

“ಫೋನ್ ಎತ್ತದೇ ಇದ್ದವನು ನೀನು.”

“ನಮ್ಮ ಸರ್ಕಾರವನ್ನು ಕೇಳದೆ ನಮ್ಮ ಕರಾವಳಿಗಾಗಿ ನಮ್ಮಿಂದ ಸಿಡಿದುಹೋದ ಪ್ರಾಂತ್ಯದ ಜೊತೆ ಒಪ್ಪಂದ ಮಾಡಿಕೊಂಡವರು ಯಾರು?”

“ನಾನೇನು ಸಹಿ ಹಾಕಿದ್ನಾ? ನಮ್ಮ ದೇಶಕ್ಕೆ ಸಮುದ್ರವಿಲ್ಲ ಮಾರಾಯ.”

“ಕೇಳಿದ್ದರೆ ದಾರಿ ಕೊಡ್ತಿದ್ವಿ.”

“ಈಗ ಕೇಳಿದಾರಲ್ಲ. ರಾಜಿ ಮಾಡಿಸಿದ ಟರ್ಕಿಯವರು ಮೊದಲು ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದ್ದರಂತೆ.”

“ನಮ್ಮ ನಡುವೆ ಈ ಹುಡುಗಿ ಕೂತಿದಾಳೆ.”

ಅಷ್ಟರಲ್ಲಿ ಮೆಕ್ಯಾನಿಕ್ ಬಂದು, ವಾರ್ಸಮೆಯ ಕಾರು ಸಿದ್ಧವಾಗಿದೆ, ತೆಸ್ಫಾಯೆಯದು ಸಿಗುವುದು ಸಂಜೆಗೇ ಎಂದು ಹೇಳಿಹೋದ.

“ಮಗಳು ಇಂಪೀರಿಯಲ್ ಬೀಚಲ್ಲಿ ಕಾಯ್ತಿದಾಳೆ. ನಿನ್ನ ಕಾರಲ್ಲಿ ಸಮುದ್ರದವರೆಗೆ ಬಿಡ್ತೀಯಾ?”

“ಬಿಡ್ತೀನಿ. ಆದರೆ ಕಾರು ನನ್ನದು, ಹೋಗೋದು ನಾನು ಹೇಳಿದ ದಾರೀಲಿ.”

“ಆಯ್ತಪ್ಪಾ. ಸಹಿ ಎಲ್ಲಿ ಹಾಕಲಿ?”

ವಾರ್ಸಮೆ ಗೊಳ್ಳೆಂದು ನಕ್ಕು ಎದ್ದ. ಶ್ರೀವಿದ್ಯಾಳ ಅಕ್ಕಪಕ್ಕದ ಕುರ್ಚಿಗಳೆರಡೂ ಒಟ್ಟಿಗೇ ಖಾಲಿಯಾದವು.